ವಿಟ್ಲಪಿಂಡಿಯಂದು ಉಡುಪಿಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶ್ರೀಕೃಷ್ಣ ಜನ್ಮಾಷ್ಟಮಿಯ ಮರುದಿನ ಉಡುಪಿಯ ರಥಬೀದಿಯಲ್ಲಿ ನಡೆಯುವ ಶ್ರೀಕೃಷ್ಣ ಲೀಲೋತ್ಸವಕ್ಕೆ ಊರವರ ಬಾಯಲ್ಲಿರುವ ಹೆಸರು ವಿಟ್ಲಪಿಂಡಿ. ಮೊಸರುಕುಡಿಕೆ ಎಂದರೂ ಅದೇ. ಆ ಒಂದು ರಜೆಯ ದಿನದಲ್ಲಿ ಊರನ್ನೂ ನೋಡಬೇಕು, ಇಲ್ಲಿಯ ವಾದ್ಯಗಳನ್ನೂ ಮನಸಾರೆ ಕೇಳಬೇಕು ಎಂದು ಹೊರಡುವ ಘಟ್ಟದ ಮೇಲಿನ ನೆಂಟರಿಷ್ಟರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಪ್ರತಿವರ್ಷವೂ ಒಂದೇ ಆಗಿರುವುದರಿಂದ, ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ನಾನು ಶ್ರೀಕೃಷ್ಣ ಮಠದ ಸಿಬ್ಬಂದಿಯಲ್ಲ, ಪ್ರವಾಸ ಏರ್ಪಡಿಸುವವನೂ ಅಲ್ಲ. ಪೇಟೆಯಲ್ಲಿ ಹುಟ್ಟಿ ಬೆಳೆದು, ತಾಸೆ ಎಂಬ ಚರ್ಮವಾದ್ಯದ ಸದ್ದು ಕೇಳಿದರೆ ಈ ವಯಸ್ಸಿನಲ್ಲೂ ಅಂಗಳಕ್ಕೆ ಓಡುವವನು.

ಕ್ಯಾಲೆಂಡರಿನಲ್ಲಿ ಇರುವ ಜನ್ಮಾಷ್ಟಮಿಯ ಮರುದಿನವೇ ಬಂದರೆ ಸಾಕಲ್ಲವೇ?

ಸಾಲದು. ಅತಿ ಹೆಚ್ಚು ಮಂದಿ ಎಡವುವುದು ಇಲ್ಲಿಯೇ. ಉಡುಪಿಯಲ್ಲಿ ಅಷ್ಟಮಿಯನ್ನು ಸೌರಮಾನದ ಲೆಕ್ಕದಲ್ಲಿ, ಅಂದರೆ ಸೂರ್ಯನು ಸಿಂಹರಾಶಿಯಲ್ಲಿರುವ ತಿಂಗಳಿನ ಕೃಷ್ಣಪಕ್ಷದಲ್ಲಿ ಆಚರಿಸುತ್ತಾರೆ. ತುಳುವರು ಈ ತಿಂಗಳನ್ನು ಸೋಣ ಎನ್ನುತ್ತಾರೆ. ಸಿಂಹ ಸಂಕ್ರಮಣ ಬರುವುದು ಆಗಸ್ಟ್ 17ರ ಆಸುಪಾಸಿನಲ್ಲಿ. ಚಾಂದ್ರಮಾನದ ಶ್ರಾವಣ ಬಹುಳ ಅಷ್ಟಮಿಯು ಸಂಕ್ರಮಣ ಕಳೆದ ಮೇಲೆ ಬಂದರೆ ಎರಡೂ ಲೆಕ್ಕಗಳು ಹೊಂದಿಕೊಂಡು ನಾಡಿನವರೂ ಉಡುಪಿಯವರೂ ಒಟ್ಟಿಗೆ ಅಷ್ಟಮಿ ಮಾಡುತ್ತಾರೆ. 2024ರಲ್ಲಿ ಹೀಗೆಯೇ ಆಗಸ್ಟ್ 26ಕ್ಕೆ ಅಷ್ಟಮಿ, 27ಕ್ಕೆ ವಿಟ್ಲಪಿಂಡಿ ಆಯಿತು. ಸಂಕ್ರಮಣಕ್ಕೆ ಮುಂಚೆಯೇ ಅಷ್ಟಮಿ ಬಂದುಹೋದ ವರ್ಷ ಉಡುಪಿಯ ಹಬ್ಬ ಒಂದು ತಿಂಗಳು ಮುಂದೆ ಸರಿಯುತ್ತದೆ. 2025ರಲ್ಲಿ ಉಳಿದೆಡೆ ಆಗಸ್ಟ್ 16ಕ್ಕೆ ಹಬ್ಬವಾದರೆ, ಇಲ್ಲಿ ಅಷ್ಟಮಿ ಸೆಪ್ಟೆಂಬರ್ 14ಕ್ಕೆ, ವಿಟ್ಲಪಿಂಡಿ 15ಕ್ಕೆ.

ಆ ವರ್ಷ ನನ್ನ ಹಳೆಯ ಸಹಪಾಠಿಯೊಬ್ಬ ಮನೆಮಂದಿಯನ್ನೆಲ್ಲ ಕರೆದುಕೊಂಡು ಆಗಸ್ಟ್ 17ರ ಬೆಳಿಗ್ಗೆ ಬಂದಿಳಿದು, ಖಾಲಿ ರಥಬೀದಿಯಲ್ಲಿ ನಿಂತು ನನಗೆ ಫೋನು ಮಾಡಿದ. ದರ್ಶನವೇನೋ ಸುಖವಾಗಿ ಆಯಿತು; ಹಬ್ಬಕ್ಕೆ ಕುಣಿಯುವ ಹುಲಿವೇಷ ಮಾತ್ರ ಒಂದೂ ಇರಲಿಲ್ಲ. ಆದ್ದರಿಂದ ರೈಲು, ಬಸ್ಸು ಕಾದಿರಿಸುವ ಮೊದಲು ಉಡುಪಿಯ ಪಂಚಾಂಗವನ್ನೋ ಇಲ್ಲಿಯ ಪರಿಚಯದವರನ್ನೋ ಕೇಳಿ ತಾರೀಕನ್ನು ಖಚಿತಪಡಿಸಿಕೊಳ್ಳಿ.

ವಿಟ್ಲಪಿಂಡಿ ಎಂದರೆ ಏನು ಅರ್ಥ?

ವಿಟ್ಲ ಎಂದರೆ ವಿಠಲ, ಅಂದರೆ ಕೃಷ್ಣ. ಪಿಂಡಿ ಎಂದರೆ ಕಟ್ಟು, ಗಂಟು. ಕೃಷ್ಣನಿಗೆ ಅರ್ಪಿಸಿದ ಉಂಡೆ ಚಕ್ಕುಲಿಗಳ ಗಂಟು ಎಂದು ಅರ್ಥ ಹೇಳುವವರಿದ್ದಾರೆ. ಪ್ರಸಾದವಾಗಿ ಹಂಚುವುದೂ ಅದನ್ನೇ ಆದ್ದರಿಂದ ಈ ಅರ್ಥ ಬಾಯಿಗಂತೂ ಒಪ್ಪುತ್ತದೆ.

ರಜೆಯ ದಿನವಾದ್ದರಿಂದ ಪೇಟೆಯೆಲ್ಲ ಮುಚ್ಚಿರುತ್ತದೆಯೇ?

ಬಾಗಿಲು ತೆರೆದಿರುತ್ತದೆ, ಆದರೆ ಗಲ್ಲೆಯಲ್ಲಿ ಕುಳಿತವರ ಕಣ್ಣು ಬೀದಿಯ ಮೇಲಿರುತ್ತದೆ. ಬ್ಯಾಂಕು, ಕಚೇರಿಗಳ ಕೆಲಸವನ್ನು ಆ ದಿನಕ್ಕೆ ಇಟ್ಟುಕೊಳ್ಳಬೇಡಿ. ಹೋಟೆಲುಗಳಿಗೆ ಮಾತ್ರ ಆ ದಿನ ಬಿಡುವೆಂಬುದಿಲ್ಲ.

ಹಿಂದಿನ ರಾತ್ರಿಯೇ ಬಂದು ಉಳಿಯಬೇಕೇ?

ಸಾಧ್ಯವಾದರೆ ಖಂಡಿತ ಬನ್ನಿ. ಕೃಷ್ಣಪಕ್ಷದ ಅಷ್ಟಮಿಯಂದು ಚಂದ್ರ ಹುಟ್ಟುವುದು ನಡುರಾತ್ರಿಯ ಹೊತ್ತಿಗೆ. ಹಗಲಿಡೀ ಉಪವಾಸವಿದ್ದವರು ಚಂದ್ರೋದಯದ ಸಮಯಕ್ಕೆ ಮಠದಲ್ಲಿ ಸಾಲುಗಟ್ಟಿ ನಿಂತು, ಶಂಖದಲ್ಲಿ ಹಾಲು ನೀರುಗಳ ಅರ್ಘ್ಯ ಕೊಡುತ್ತಾರೆ. ಆಗ ಕೇಳಿಸುವುದು ಶಂಖ ಜಾಗಟೆ, ಮಂತ್ರ, ಮಧ್ವ ಸರೋವರದ ಮೆಟ್ಟಿಲಿನಲ್ಲಿ ಕಾಲು ತೊಳೆಯುವವರ ಸದ್ದು, ಅಷ್ಟೆ. ಮರುದಿನದ ಗದ್ದಲವನ್ನು ಕೇಳುವ ಮೊದಲು ಕಿವಿಗೆ ಈ ರಾತ್ರಿಯೊಂದು ದಕ್ಕಿದ್ದರೆ ಎರಡರ ರುಚಿಯೂ ಹೆಚ್ಚುತ್ತದೆ. ಆದರೆ ಕೊಠಡಿಗಳು ಬೇಗನೆ ಭರ್ತಿಯಾಗುತ್ತವೆ. ಪೇಟೆಯಲ್ಲಿ ಸಿಗದಿದ್ದರೆ ಐದು ಕಿಲೋಮೀಟರ್ ದೂರದ ಮಣಿಪಾಲದಲ್ಲಿ ವಿಚಾರಿಸಿ.

ಒಂದೇ ದಿನದಲ್ಲಿ ಊರು ನೋಡುವುದು, ವಾದ್ಯ ಕೇಳುವುದು ಎರಡನ್ನೂ ಹೇಗೆ ಹೊಂದಿಸಿಕೊಳ್ಳಬೇಕು?

ಮೊದಲು ಕಿವಿಗೆ ಬೇಕಾದ ಹೊತ್ತನ್ನು ಗೊತ್ತುಮಾಡಿಕೊಂಡು, ಉಳಿದ ಹೊತ್ತಿನಲ್ಲಿ ಕಣ್ಣಿಗೆ ಬೇಕಾದುದನ್ನು ನೋಡಿಕೊಳ್ಳಿ. ಬಹುತೇಕ ಪ್ರವಾಸಿಗರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮಲ್ಪೆ, ಮಣಿಪಾಲ, ಕಾಪು, ಪಾಜಕ ಎಂದು ಉದ್ದನೆಯ ಪಟ್ಟಿ ಹಿಡಿದು ಕಾರಿನಲ್ಲಿ ಸುತ್ತಿ, ಮಧ್ಯಾಹ್ನ ಮೂರೂವರೆಗೆ ರಥಬೀದಿಯ ಹೊರಗಿನ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು, ದೂರದಿಂದ ಕೇಳಿಸುವ ತಾಸೆಯನ್ನಷ್ಟೇ ಪಡೆದು ಹಿಂತಿರುಗುತ್ತಾರೆ. ಇದಕ್ಕಿಂತ ದುಃಖದ ವಿಟ್ಲಪಿಂಡಿ ಇನ್ನೊಂದಿಲ್ಲ.

ನನ್ನ ಲೆಕ್ಕ ಹೀಗೆ. ಬೆಳಿಗ್ಗೆ ಆರೂವರೆ ಏಳಕ್ಕೆ ರಥಬೀದಿಯ ದೇವಸ್ಥಾನಗಳು ಮತ್ತು ಅಲ್ಲಿಯ ನಾಗಸ್ವರ. ಒಂಬತ್ತಕ್ಕೆ ತಿಂಡಿ. ಅಲ್ಲಿಂದ ಹನ್ನೆರಡರವರೆಗೆ ಮಲ್ಪೆ ಅಥವಾ ಮಣಿಪಾಲ, ಎರಡರಲ್ಲಿ ಒಂದೇ ಒಂದು. ಆ ಹೊತ್ತಿಗೆ ಪೇಟೆಯ ತುಂಬ ಹುಲಿವೇಷದ ತಂಡಗಳು ಅಂಗಡಿಯಿಂದ ಅಂಗಡಿಗೆ ಹೋಗುತ್ತಿರುತ್ತವೆ. ಅವುಗಳನ್ನು ಹಿಂಬಾಲಿಸುತ್ತ ಒಂದು ಗಂಟೆ ಕಳೆಯಿರಿ. ಊಟ ಮುಗಿಸಿ ಎರಡು ಗಂಟೆಯೊಳಗೆ ರಥಬೀದಿಯಲ್ಲಿ ನಿಮ್ಮ ಜಾಗ ಹಿಡಿದು ನಿಂತುಬಿಡಿ. ಮೆರವಣಿಗೆ ಸಾಮಾನ್ಯವಾಗಿ ಮೂರರ ಸುಮಾರಿಗೆ ಹೊರಡುತ್ತದೆ.

ದರ್ಶನಕ್ಕೆ ಯಾವ ಕ್ರಮವಿದೆ?

ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಶ್ರೀಕೃಷ್ಣ ಎಂಬುದು ಇಲ್ಲಿಯ ರೂಢಿ. ಮೂರೂ ಒಂದೇ ಬೀದಿಯಲ್ಲಿರುವುದರಿಂದ ನಡೆಯುವ ಕಷ್ಟವಿಲ್ಲ. ಉಡುಪ ಎಂದರೆ ಚಂದ್ರ, ಅವನಿಂದಲೇ ಉಡುಪಿ ಎಂಬ ಹೆಸರು ಎನ್ನುವವರಿಗೆ ಮೊದಲ ದರ್ಶನ ಚಂದ್ರಮೌಳೀಶ್ವರನಿಗೆ ಸಲ್ಲುವುದು ಸಹಜವಾಗಿಯೇ ಕಾಣುತ್ತದೆ. ಮಠದೊಳಗೆ ಗಂಡಸರು ಅಂಗಿ ಕಳಚಬೇಕು.

ಕೃಷ್ಣನನ್ನು ನೋಡುವುದು ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮೂಲಕ. ಒಂದು ಕೈಯಲ್ಲಿ ಕಡೆಗೋಲು, ಇನ್ನೊಂದರಲ್ಲಿ ಹಗ್ಗ ಹಿಡಿದ ಈ ಬಾಲಕೃಷ್ಣನನ್ನು 13ನೆಯ ಶತಮಾನದಲ್ಲಿ ಪ್ರತಿಷ್ಠಾಪಿಸಿದವರು ಮಧ್ವಾಚಾರ್ಯರು. ಪೂಜೆಯ ಹೊಣೆಯನ್ನು ಎಂಟು ಮಠಗಳು ಸರದಿಯಂತೆ ಹೊರುತ್ತವೆ. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಆ ಸರದಿಯನ್ನು 1522ರಲ್ಲಿ ಎರಡು ವರ್ಷಕ್ಕೆ ವಿಸ್ತರಿಸಿದವರು ಸೋದೆಯ ವಾದಿರಾಜರು. ಬೀದಿಯ ಕಡೆಯಿಂದ ಕಾಣುವ ಕನಕನ ಕಿಂಡಿಯನ್ನು ಬೆಳಿಗ್ಗೆಯೇ ನೋಡಿಕೊಳ್ಳಿ. ಮಧ್ಯಾಹ್ನದ ನಂತರ ಅದರ ಎದುರು ನಿಂತರೆ ಹಿಂದಿನವರು ನಿಮ್ಮನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತಾರೆ.

ಯಾವ ಯಾವ ವಾದ್ಯಗಳು ಕೇಳಲು ಸಿಗುತ್ತವೆ?

ಬೆಳಿಗ್ಗೆಯದು ನಾಗಸ್ವರ ಮತ್ತು ಡೋಲಿನ ಹೊತ್ತು. ನಾವು ಇದನ್ನು ಒಟ್ಟಾಗಿ ವಾಲಗ ಎನ್ನುತ್ತೇವೆ. ಕರಾವಳಿಯ ದೇವಸ್ಥಾನಗಳಲ್ಲಿ ಇದನ್ನು ತಲೆತಲಾಂತರದಿಂದ ನುಡಿಸಿಕೊಂಡು ಬಂದಿರುವವರಲ್ಲಿ ದೇವಾಡಿಗ ಸಮುದಾಯದ ಮನೆತನಗಳೇ ಹೆಚ್ಚು. ನಾಗಸ್ವರವನ್ನು ದೇವಸ್ಥಾನದ ಒಳಗೆ, ಕಲ್ಲಿನ ಗೋಡೆಗಳ ನಡುವೆ, ಜನ ಕಡಿಮೆಯಿರುವಾಗ ಕೇಳಬೇಕು. ಮಧ್ಯಾಹ್ನದ ಮೆರವಣಿಗೆಯಲ್ಲೂ ಅದು ಇರುತ್ತದೆ, ಆದರೆ ಹತ್ತು ತಾಸೆಗಳ ನಡುವೆ ಅದರ ರಾಗವನ್ನು ಹಿಡಿಯುವುದೆಂದರೆ ಸಂತೆಯಲ್ಲಿ ಪಿಸುಮಾತು ಕೇಳಿದಂತೆ.

ಮಧ್ಯಾಹ್ನಕ್ಕೆ ಚೆಂಡೆಯ ತಂಡಗಳು ಸೇರುತ್ತವೆ. ಹತ್ತಿಪ್ಪತ್ತು ಮಂದಿ ಸಾಲಾಗಿ ನಿಂತು, ಒಬ್ಬರ ಮುಖ ಒಬ್ಬರು ನೋಡುತ್ತ, ನಿಧಾನವಾಗಿ ಆರಂಭಿಸಿ ಹಂತಹಂತವಾಗಿ ವೇಗ ಏರಿಸುತ್ತಾರೆ. ಈಗೀಗ ಹುಡುಗಿಯರ ಚೆಂಡೆ ತಂಡಗಳೂ ಬಂದಿವೆ. ಕೊಂಬು, ಭಜನಾ ತಂಡಗಳ ತಾಳ, ಕೆಲವೆಡೆ ತುತ್ತೂರಿಯ ಬ್ಯಾಂಡ್‌ಸೆಟ್ಟು ಇವೆಲ್ಲ ಇರುತ್ತವೆ. ಇವೆಲ್ಲಕ್ಕೂ ಮೇಲೆ ಆ ದಿನವನ್ನು ಆಳುವುದು ತಾಸೆ.

ತಾಸೆ ಎಂದರೆ ಎಂಥ ವಾದ್ಯ?

ಅಗಲ ಬಾಯಿಯ ಬಟ್ಟಲಿನ ಆಕಾರದ ಚರ್ಮವಾದ್ಯ. ಕೊರಳಿಗೆ ತೂಗುಹಾಕಿಕೊಂಡು ಎರಡು ಸಪೂರ ಕೋಲುಗಳಿಂದ ಬಾರಿಸುತ್ತಾರೆ. ಪಕ್ಕದಲ್ಲಿ ದಪ್ಪ ಸ್ವರದ ಡೋಲು ಇದ್ದೇ ಇರುತ್ತದೆ. ಡೋಲು ನೆಲ ಹಾಕಿಕೊಟ್ಟರೆ ತಾಸೆ ಅದರ ಮೇಲೆ ಕುಣಿಯುತ್ತದೆ. ಹುಲಿವೇಷದವರ ಹೆಜ್ಜೆಯೆಲ್ಲ ಈ ಜೋಡಿಯ ಕೈಯಲ್ಲಿದೆ.

ಈ ಹಬ್ಬ ಮಳೆಗಾಲದಲ್ಲಿ ಬರುವುದರಿಂದ ತಾಸೆಗೆ ಒಂದು ಕಷ್ಟವಿದೆ. ಚರ್ಮ ತೇವ ಕುಡಿದರೆ ಸ್ವರ ಸಡಿಲವಾಗುತ್ತದೆ. ಒಂದು ವರ್ಷ ಬೆಳಿಗ್ಗೆ ಜಿರಿಜಿರಿ ಮಳೆ ಹಿಡಿದಿದ್ದಾಗ, ಮುಚ್ಚಿದ ಅಂಗಡಿಯೊಂದರ ಜಗಲಿಯಲ್ಲಿ ವಯಸ್ಸಾದ ತಾಸೆಯವರೊಬ್ಬರು ಹಳೆಯ ಪತ್ರಿಕೆಯ ಹಾಳೆಯನ್ನು ಸುರುಳಿ ಸುತ್ತಿ ಹೊತ್ತಿಸಿ, ತಾಸೆಯನ್ನು ಬೋರಲು ಹಿಡಿದು ಉರಿಯ ಮೇಲೆ ತಿರುಗಿಸುತ್ತಿದ್ದರು. ನಡುನಡುವೆ ಬೆರಳ ತುದಿಯಿಂದ ತಟ್ಟಿ ಕಿವಿಗೊಡುವುದು, ಇಲ್ಲವೆಂಬಂತೆ ತಲೆಯಾಡಿಸಿ ಮತ್ತೆ ಉರಿಗೆ ಹಿಡಿಯುವುದು. ಮೂರನೆಯ ಹಾಳೆ ಬೂದಿಯಾಗುವ ಹೊತ್ತಿಗೆ, ಬೊದ್ ಬೊದ್ ಎನ್ನುತ್ತಿದ್ದದ್ದು ಟಣ್ ಎಂದಿತು. “ಇತ್ತೆ ಆಂಡ್” ಎಂದು ಡೋಲಿನವನಿಗೆ ಹೇಳಿ ಎದ್ದರು. ಈಗ ಆಯಿತು ಎಂದು ಅದರ ಅರ್ಥ. ಬೆಂಕಿಯ ಗೊಡವೆಯಿಲ್ಲದ ಫೈಬರ್ ಹಾಳೆಯ ತಾಸೆಗಳು ಈಗ ಧಾರಾಳವಾಗಿ ಬಂದಿವೆ. ಮಳೆಗೆ ಅವು ಜಗ್ಗುವುದಿಲ್ಲ, ಸದ್ದೂ ಜೋರು. ಆದರೆ ಕಾಯಿಸಿದ ಚರ್ಮದ ತಾಸೆಯ ಟಣ್‌ಕಾರದಲ್ಲಿರುವ ಒಂದು ದುಂಡು ಅದರಲ್ಲಿಲ್ಲ ಎಂಬುದು ನನ್ನ ಹಠ. ಒಪ್ಪದವರು ನಮ್ಮ ಮನೆಯಲ್ಲೇ ಇದ್ದಾರೆ.

ಹುಲಿವೇಷ ನೋಡುವಾಗ ಏನನ್ನು ಗಮನಿಸಬೇಕು?

ತುಳುವಿನಲ್ಲಿ ಪಿಲಿವೇಷ ಎನ್ನುವ ಈ ಕುಣಿತಕ್ಕೆ ತಯಾರಿ ಹಿಂದಿನ ದಿನವೇ ಆರಂಭವಾಗುತ್ತದೆ. ಊದು ಪೂಜೆ ಮಾಡಿ, ಲೋಬಾನದ ಹೊಗೆಯ ನಡುವೆ ತಂಡದವರು ಬಣ್ಣಕ್ಕೆ ಮೈಯೊಡ್ಡುತ್ತಾರೆ. ಮೈತುಂಬ ಬಳಿದ ಬಣ್ಣ ಒಣಗುವ ತನಕ ಕೈ ಚಾಚಿ ಗಂಟೆಗಟ್ಟಲೆ ನಿಂತೇ ಇರಬೇಕು, ಕುಳಿತರೆ ಪಟ್ಟೆ ಕಲಸಿಹೋಗುತ್ತದೆ. ಪಟ್ಟೆಯ ಹುಲಿ, ಚುಕ್ಕೆಯ ಚಿಟ್ಟೆಹುಲಿ, ಕಪ್ಪು ಹುಲಿ ಎಂದು ಬಗೆಗಳಿವೆ.

ಜನ ಕೂಗುವುದು ಸಾಹಸಗಳಿಗೆ. ಬೆನ್ನು ಹಿಂದಕ್ಕೆ ಬಾಗಿಸಿ ನೆಲದ ಮೇಲಿನ ನೋಟನ್ನು ಬಾಯಿಂದ ಎತ್ತುವುದು, ಬೈಹುಲ್ಲಿನಲ್ಲಿ ಬಿಗಿದ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯುವುದು ಮೈನವಿರೇಳಿಸುತ್ತವೆ, ನಿಜ. ಆದರೂ ಒಂದೆರಡು ನಿಮಿಷ ಹುಲಿಯನ್ನು ಬಿಟ್ಟು ತಾಸೆಯವರ ಕಣ್ಣನ್ನು ನೋಡಿ. ಅವರು ಹುಲಿಯ ಪಾದವನ್ನು ಬಿಟ್ಟು ಬೇರೇನನ್ನೂ ನೋಡುತ್ತಿರುವುದಿಲ್ಲ. ಹೆಜ್ಜೆ ಬದಲಾಗುವ ಒಂದು ಕ್ಷಣ ಮೊದಲು ತಾಸೆಯ ಉರುಳಿಕೆ ಬಿಗಿಯಾಗುತ್ತದೆ, ಡೋಲು ಒಂದು ಪೆಟ್ಟು ಬಿಟ್ಟುಕೊಡುತ್ತದೆ, ಆ ಖಾಲಿಯೊಳಗೆ ಹುಲಿ ಹಾರುತ್ತದೆ. ಇಷ್ಟನ್ನು ಒಮ್ಮೆ ಗುರುತಿಸಿದರೆ ಮುಂದಿನ ತಂಡ ಬಂದಾಗ ಯಾವುದು ಪಳಗಿದ ಕೈ, ಯಾವುದು ಬರೀ ಗದ್ದಲ ಎಂದು ನಿಮಗೇ ತಿಳಿಯುತ್ತದೆ.

ದೇವಸ್ಥಾನದಲ್ಲಿ ಸ್ಯಾಕ್ಸೊಫೋನ್ ಕೇಳಿಸಿತು. ಅದನ್ನು ಸಾಂಪ್ರದಾಯಿಕ ಎನ್ನಬಹುದೇ?

ವಾದ್ಯ ಹೊರಗಿನದು, ನುಡಿಸುವ ಬಾನಿ ಇಲ್ಲಿಯದು. ಬಂಟ್ವಾಳ ತಾಲೂಕಿನ ಸಜಿಪದಲ್ಲಿ 1949ರಲ್ಲಿ ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮನಸೋತು, ಅದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ಹೊರಡಿಸಲು ವರ್ಷಗಟ್ಟಲೆ ದುಡಿದರು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವಿಭಜಿತ ದಕ್ಷಿಣ ಕನ್ನಡದ ನಾಗಸ್ವರದ ಮನೆಗಳಲ್ಲಿ ಎಷ್ಟೋ ಯುವಕರು ಸ್ಯಾಕ್ಸೊಫೋನ್ ಹಿಡಿದಾಗಿತ್ತು. ಇಂದು ಇಲ್ಲಿಯ ಮದುವೆ, ಉತ್ಸವಗಳಲ್ಲಿ ಡೋಲಿನ ಜೊತೆ ಅದು ಕೇಳಿಸಿದರೆ ಊರವರು ಯಾರೂ ಹುಬ್ಬೇರಿಸುವುದಿಲ್ಲ. ನನಗೆ ಬೆಳಗಿನ ಹೊತ್ತಿಗೆ ನಾಗಸ್ವರವೇ ಇಷ್ಟ. ಆದರೆ ಶುದ್ಧ ಅಶುದ್ಧದ ಚರ್ಚೆಯನ್ನು ವಾಲಗದವರ ಎದುರು ತೆಗೆಯಬೇಡಿ, ಅವರಿಗೆ ಆ ದಿನ ಪುರುಸೊತ್ತಿರುವುದಿಲ್ಲ.

ಅದೇ ದಿನ ಯಕ್ಷಗಾನವನ್ನೂ ನೋಡಬಹುದೇ?

ಬಯಲಾಟ ಸಿಗುವುದು ಕಷ್ಟ. ಮೇಳಗಳು ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚಿದರೆ ಮತ್ತೆ ತಿರುಗಾಟಕ್ಕೆ ಹೊರಡುವುದು ನವೆಂಬರಿನ ಆಸುಪಾಸಿನಲ್ಲಿ. ಮಳೆಗಾಲದಲ್ಲಿ ಕಲಾವಿದರಿಗೆ ತಾಳಮದ್ದಳೆ ಮತ್ತು ಚಿಕ್ಕಮೇಳಗಳೇ ಆಸರೆ. ಒಬ್ಬ ಭಾಗವತರು, ಚೆಂಡೆ ಮದ್ದಳೆಯವರು, ಒಂದೆರಡು ವೇಷ ಇಷ್ಟರಲ್ಲೇ ಮನೆಮನೆಗೆ ಹೋಗಿ ಕಾಲು ಗಂಟೆಯ ಆಟ ಆಡಿ ಬರುವುದು ಚಿಕ್ಕಮೇಳ. ನೀವು ಉಳಿದುಕೊಂಡ ಮನೆಗೆ ಸಂಜೆ ಅಂಥದೊಂದು ಬಂದರೆ ನಿಮ್ಮ ಪುಣ್ಯ. ವೇಷಭೂಷಣವಿಲ್ಲದೆ ಮಾತು ಮತ್ತು ಹಾಡಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆ ಪೇಟೆಯ ಸಭಾಭವನಗಳಲ್ಲಿ ಈ ಅವಧಿಯಲ್ಲಿ ಆಗಾಗ ಇರುತ್ತದೆ. ಸ್ಥಳೀಯ ಪತ್ರಿಕೆಯ “ಇಂದಿನ ಕಾರ್ಯಕ್ರಮ” ಅಂಕಣವನ್ನು ನೋಡಿಕೊಳ್ಳಿ.

ಮೆರವಣಿಗೆಯಲ್ಲಿ ಏನೇನು ನಡೆಯುತ್ತದೆ? ಎಲ್ಲಿ ನಿಂತರೆ ಒಳ್ಳೆಯದು?

ಕೃಷ್ಣನ ಮೃಣ್ಮಯ ಮೂರ್ತಿ, ಅಂದರೆ ಮಣ್ಣಿನಲ್ಲಿ ಮಾಡಿದ ಮೂರ್ತಿ, ಚಿನ್ನದ ರಥವೇರಿ ರಥಬೀದಿಯನ್ನು ಸುತ್ತುತ್ತದೆ. ಅನಂತೇಶ್ವರ ಚಂದ್ರಮೌಳೀಶ್ವರರ ಉತ್ಸವಮೂರ್ತಿಗಳು ನವರತ್ನ ರಥದಲ್ಲಿರುತ್ತವೆ. ಬೀದಿಯ ಉದ್ದಕ್ಕೂ ಅಲ್ಲಲ್ಲಿ ಮರದ ಗುರ್ಜಿಗಳನ್ನು ನೆಟ್ಟು, ಮೊಸರು, ಬಣ್ಣದ ನೀರು ತುಂಬಿದ ಮಣ್ಣಿನ ಕುಡಿಕೆಗಳನ್ನು ತೂಗುಹಾಕಿರುತ್ತಾರೆ. ಗೊಲ್ಲರ ವೇಷ ತೊಟ್ಟವರು ಕೇಕೆ ಹಾಕುತ್ತ ಬಂದು ಒಂದೊಂದನ್ನೇ ಒಡೆಯುತ್ತಾರೆ. ನಡುವೆ ಉಂಡೆ, ಚಕ್ಕುಲಿಯ ಪ್ರಸಾದವನ್ನು ಜನರತ್ತ ಎಸೆಯುತ್ತಾರೆ. ಗಂಭೀರವದನರಾದ ನಿವೃತ್ತ ಅಧಿಕಾರಿಗಳೂ ಆಗ ಎರಡು ಕೈ ಮೇಲೆತ್ತಿ ನಿಂತಿರುವುದನ್ನು ನಾನು ನೋಡಿದ್ದೇನೆ.

ರಥಬೀದಿ ಚೌಕಾಕಾರದ ಸುತ್ತುಬೀದಿಯಾದ್ದರಿಂದ ನೀವು ರಥದ ಹಿಂದೆ ಓಡಬೇಕಾಗಿಲ್ಲ. ಒಂದೇ ಕಡೆ ನಿಂತರೆ ವಾದ್ಯದ ಒಂದೊಂದು ತಂಡವೂ ನಿಮ್ಮ ಮುಂದೆಯೇ ಹಾದುಹೋಗುತ್ತದೆ. ಬೀದಿಯ ನಾಲ್ಕು ಮೂಲೆಗಳನ್ನು ಬಿಟ್ಟುಬಿಡಿ, ರಥ ತಿರುಗುವಾಗ ಅಲ್ಲಿ ನೂಕುನುಗ್ಗಲು ವಿಪರೀತ. ಉದ್ದದ ಬದಿಯೊಂದರ ನಡುಭಾಗದಲ್ಲಿ, ಯಾವುದಾದರೂ ಮಠದ ಜಗಲಿಗೆ ಬೆನ್ನು ಕೊಟ್ಟು ನಿಂತರೆ ಗೋಡೆಗೆ ಬಡಿದು ಮರಳುವ ಸದ್ದೂ ಸೇರಿ ಚೆಂಡೆ ತುಂಬಿಕೊಂಡು ಕೇಳಿಸುತ್ತದೆ. ತಂಡ ದೂರದ ಮೂಲೆಯಲ್ಲಿರುವಾಗ ಮೊದಲು ಬರುವುದು ಡೋಲಿನ ಗುಡುಗು ಮಾತ್ರ. ಹತ್ತಿರವಾಗುತ್ತ ಬಂದಂತೆ ತಾಸೆ, ಆಮೇಲೆ ಗೆಜ್ಜೆ. ಹೀಗೆ ಒಂದೊಂದೇ ಪದರ ಸೇರಿಕೊಳ್ಳುವುದನ್ನು ಕೇಳಲು ನಿಂತಲ್ಲೇ ನಿಲ್ಲಬೇಕು.

ಗುರ್ಜಿಯ ಅಡಿಯಲ್ಲಿ ನಿಲ್ಲುವುದಾದರೆ ಹಳೆಯ ಬಟ್ಟೆ ಹಾಕಿಕೊಳ್ಳಿ. ಅಂಗಿಗೆ ಹತ್ತಿದ ಕೆಂಪು ಓಕುಳಿ ಮೂರು ಒಗೆತಕ್ಕೂ ಹೋಗುವುದಿಲ್ಲ.

ಬೆಳಿಗ್ಗೆಯ ಬಿಡುವಿನಲ್ಲಿ ಮಲ್ಪೆಯೋ, ಮಣಿಪಾಲವೋ?

ಕಡಲು ನೋಡದವರಾದರೆ ಮಲ್ಪೆ. ರಥಬೀದಿಯಿಂದ ಸುಮಾರು ಆರು ಕಿಲೋಮೀಟರ್. ಕೃಷ್ಣನ ಕಥೆಗೂ ಮಲ್ಪೆಗೂ ನಂಟಿದೆ. ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ದಡದಿಂದ ತಮ್ಮ ವಸ್ತ್ರ ಬೀಸಿ ಪಾರುಮಾಡಿದಾಗ, ನಾವಿಕನು ಕೊಟ್ಟ ಗೋಪೀಚಂದನದ ಹೆಂಟೆಗಳಲ್ಲಿ ಕೃಷ್ಣ ಬಲರಾಮರ ವಿಗ್ರಹಗಳಿದ್ದವು ಎಂದು ಪ್ರತೀತಿ. ಬಲರಾಮನು ಅಲ್ಲಿಯೇ ವಡಭಾಂಡೇಶ್ವರದಲ್ಲಿ ನೆಲೆನಿಂತನು, ಕೃಷ್ಣನು ಉಡುಪಿಗೆ ಬಂದನು. ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವುದರಿಂದ ಬಂದರಿನಲ್ಲಿ ಆ ಹೊತ್ತಿಗೆ ಜೀವ ಬಂದಿರುತ್ತದೆ. ನೀರಿಗೆ ಮಾತ್ರ ಇಳಿಯಬೇಡಿ, ಆ ತಿಂಗಳಲ್ಲಿ ಕಡಲು ಇನ್ನೂ ಪಳಗಿರುವುದಿಲ್ಲ.

ಹಳೆಯ ಮನೆಗಳಲ್ಲಿ ಆಸಕ್ತಿಯಿದ್ದವರಿಗೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ಗ್ರಾಮ. ಕೆಡವಲು ಹೊರಟಿದ್ದ ಮನೆಗಳನ್ನು ಬಿಡಿಭಾಗಗಳಾಗಿ ಕಳಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದವರು ದಿವಂಗತ ವಿಜಯನಾಥ ಶೆಣೈ. ಒಂದೊಂದು ಕಂಬದ ಎದುರೂ ನಿಲ್ಲಬೇಕೆನಿಸುವ ಜಾಗವದು. ಅದಕ್ಕೇ ಒಂದು ಗಂಟೆಯಲ್ಲಿ ಮುಗಿಸುತ್ತೇವೆ ಎಂದುಕೊಂಡು ಹೋಗಬೇಡಿ. ಆ ದಿನ ತೆರೆದಿರುತ್ತದೆಯೇ, ಒಳಗೆ ಬಿಡುವ ಹೊತ್ತು ಯಾವುದು ಎಂದು ಮೊದಲೇ ವಿಚಾರಿಸಿ.

ಸೇಂಟ್ ಮೇರೀಸ್ ದ್ವೀಪ?

ಆ ಆಸೆಯನ್ನು ಈ ಪ್ರವಾಸದಲ್ಲಿ ಬಿಡಿ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಡಿಸೆಂಬರಿನಲ್ಲಿ ಇನ್ನೊಮ್ಮೆ ಬನ್ನಿ. ಕೋಟ್ಯಂತರ ವರ್ಷ ಕಾದ ಆ ದ್ವೀಪದ ಕಲ್ಲಿನ ಕಂಬಗಳು ಮೂರು ತಿಂಗಳಲ್ಲಿ ಎಲ್ಲಿಗೂ ಹೋಗುವುದಿಲ್ಲ.

ಊಟ ತಿಂಡಿಗೆ ಏನು ವ್ಯವಸ್ಥೆ?

ಮಠದಲ್ಲಿ ಮಧ್ಯಾಹ್ನ ಅನ್ನಪ್ರಸಾದವಿರುತ್ತದೆ. ಸಾಲು ಉದ್ದವಾಗಿರುವುದರಿಂದ ಬೇಗ ಹೋಗಿ. ಹೋಟೆಲಿನಲ್ಲಾದರೆ ಬೆಳಿಗ್ಗೆ ಬನ್ಸು, ಸಂಜೆ ಗೋಳಿಬಜೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಅಷ್ಟಮಿಯ ನಿಜವಾದ ತಿಂಡಿ ಮೂಡೆ. ಮುಳ್ಳು ಬಿಡಿಸಿದ ಕೇದಗೆ ಜಾತಿಯ ಎಲೆಯನ್ನು ಬೆಂಕಿಗೆ ಬಾಡಿಸಿ, ಉದ್ದನೆಯ ಕೊಳವೆಯಂತೆ ಸುತ್ತಿ, ಅದರೊಳಗೆ ಅಕ್ಕಿ ಉದ್ದಿನ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುತ್ತಾರೆ. ಎಲೆ ಬಿಚ್ಚಿದಾಗ ಬರುವ ಪರಿಮಳ ಇಡ್ಲಿಗೆ ಬಾರದು. ಹಲಸಿನ ಎಲೆಯ ಕೊಟ್ಟೆಯಲ್ಲಿ ಮಾಡಿದರೆ ಅದು ಕೊಟ್ಟೆ ಕಡುಬು. ಪರಿಚಯದ ಮನೆಯಿಂದ ಕರೆ ಬಂದರೆ ಸಂಕೋಚ ಮಾಡದೆ ಹೋಗಿಬಿಡಿ.

ಮಳೆ ಬಂದರೆ ಉತ್ಸವ ನಿಲ್ಲುತ್ತದೆಯೇ?

ಇಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರಿದು. ಮಳೆಗೆ ಹೆದರಿದರೆ ಇಲ್ಲಿ ಹಬ್ಬ ಮಾಡಲಾಗದು. ಕೊಡೆ ಬೇಡ, ಮಳೆಕೋಟು ತನ್ನಿ. ಜನಜಂಗುಳಿಯಲ್ಲಿ ಕೊಡೆ ಬಿಡಿಸಿದರೆ ಹಿಂದಿನವರಿಗೆ ರಥ ಕಾಣುವುದಿಲ್ಲ, ಕಡ್ಡಿ ಪಕ್ಕದವರ ಕಣ್ಣಿಗೆ ಚುಚ್ಚುತ್ತದೆ.

ಚಿಕ್ಕ ಮಕ್ಕಳನ್ನೂ ಹಿರಿಯರನ್ನೂ ಕರೆತರಬಹುದೇ?

ಬೆಳಿಗ್ಗೆ ಧಾರಾಳವಾಗಿ. ಮುದ್ದುಕೃಷ್ಣನ ವೇಷ ತೊಟ್ಟ ಮಕ್ಕಳು ಬೀದಿ ತುಂಬ ಓಡಾಡುತ್ತಿರುತ್ತಾರೆ. ಮಧ್ಯಾಹ್ನಕ್ಕೆ ಹಿರಿಯರನ್ನು ಬೀದಿಯಲ್ಲಿ ನಿಲ್ಲಿಸುವ ಬದಲು ಯಾವುದಾದರೂ ಮಾಳಿಗೆಯಲ್ಲಿ ಕೂರುವ ಏರ್ಪಾಡು ಮಾಡಿ. ಎಳೆಯ ಮಕ್ಕಳ ಕಿವಿಗೆ ಹತ್ತಿ ಇಡಿ; ತಾಸೆ ಹತ್ತಡಿ ದೂರದಲ್ಲಿ ಬಾರಿಸುವಾಗ ದೊಡ್ಡವರ ಎದೆಯೇ ನಡುಗುತ್ತದೆ.

ವೇಷದವರಿಗೆ ಹಣ ಕೊಡಬೇಕೇ? ಫೋಟೊ ತೆಗೆಯಬಹುದೇ?

ಕುಣಿಸಿ ನೋಡಿದಿರಾದರೆ ಕೊಡುವುದು ಮರ್ಯಾದೆ. ಎಷ್ಟು ಎಂಬುದಕ್ಕೆ ಲೆಕ್ಕವಿಲ್ಲ. ಅಂಗಡಿಯವರು ನೋಟಿನ ಮಾಲೆಯನ್ನೇ ಹಾಕುತ್ತಾರೆ. ನೀವು ಕೈಲಾದದ್ದನ್ನು ಕೊಡಿ, ವಾದ್ಯದವರನ್ನು ಮರೆಯಬೇಡಿ. ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಲೆಂದೇ ಚಿತ್ರವಿಚಿತ್ರ ವೇಷ ಹಾಕಿ ಡಬ್ಬಿ ಹಿಡಿದು ಬರುವವರೂ ಇದ್ದಾರೆ. ಬೀದಿಯಲ್ಲಿ ಫೋಟೊಗೆ ಅಡ್ಡಿಯಿಲ್ಲ, ಗರ್ಭಗುಡಿಯ ಕಡೆ ಬೇಡ. ಕುಣಿಯುತ್ತಿರುವ ಹುಲಿಯ ವರ್ತುಲದೊಳಗೆ ಮೊಬೈಲು ಹಿಡಿದು ನುಗ್ಗಬೇಡಿ. ಹಾರಿದ ಹುಲಿ ನಿಮ್ಮ ಮೇಲೆ ಬಿದ್ದರೆ ತಪ್ಪು ಹುಲಿಯದ್ದಲ್ಲ.

ಮಲ್ಲಿಗೆ ಎಲ್ಲಿ ಸಿಗುತ್ತದೆ?

ರಥಬೀದಿಯ ತುದಿಯಲ್ಲೇ ಬುಟ್ಟಿ ಇಟ್ಟುಕೊಂಡವರ ಬಳಿ. ಶಂಕರಪುರ ಮಲ್ಲಿಗೆಯನ್ನು ಇಲ್ಲಿ ಮೊಳದಲ್ಲಿ ಅಳೆಯುವುದಿಲ್ಲ, ಚೆಂಡು ಮತ್ತು ಅಟ್ಟೆಯ ಲೆಕ್ಕ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಹಬ್ಬದ ದಿನ ಬೆಲೆ ಕೇಳಿ ಎದೆಯೊಡೆದುಕೊಳ್ಳಬೇಡಿ.

ವಾಹನ ಎಲ್ಲಿ ನಿಲ್ಲಿಸಬೇಕು? ರೈಲಿನಲ್ಲಿ ಬಂದರೆ ಹೇಗೆ?

ಬೈಲಕೆರೆಯ ಮಠದ ವಾಹನ ನಿಲುಗಡೆ ಬೆಳಿಗ್ಗೆಯೇ ತುಂಬಿಹೋಗುತ್ತದೆ, ಕಲ್ಸಂಕದಲ್ಲಿ ಸಾಲು ನಿಲ್ಲುತ್ತದೆ. ಉಳಿದುಕೊಂಡಲ್ಲೇ ಕಾರು ಬಿಟ್ಟು ಸಿಟಿ ಬಸ್ಸಿನಲ್ಲೋ ರಿಕ್ಷಾದಲ್ಲೋ ಬಂದು, ಕೊನೆಯ ಅರ್ಧ ಕಿಲೋಮೀಟರ್ ನಡೆಯಿರಿ. ರೈಲು ನಿಲ್ದಾಣ ಇಂದ್ರಾಳಿಯಲ್ಲಿದೆ, ರಿಕ್ಷಾಗಳು ಸಿಗುತ್ತವೆ. ವಿಮಾನದಲ್ಲಿ ಬರುವವರಿಗೆ ಮಂಗಳೂರಿನ ಬಜ್ಪೆಯೇ ಹತ್ತಿರ. ಚಪ್ಪಲಿಯನ್ನು ಕಾರಿನಲ್ಲೋ ಚೀಲದಲ್ಲೋ ಇಟ್ಟುಕೊಳ್ಳಿ. ಮಠದ ಹೊರಗೆ ಬಿಟ್ಟ ನನ್ನ ಹೊಸ ಜೋಡಿ ಯಾರದೋ ಕಾಲಿಗೆ ಹೊಂದಿಕೊಂಡು ಹೋಗಿ, ಸವೆದ ಎಡಗಾಲಿನ ಎರಡು ಚಪ್ಪಲಿಗಳು ನನಗೆ ಉಳಿದದ್ದು ಒಂದು ವಿಟ್ಲಪಿಂಡಿಯಂದೇ.

ಮೆರವಣಿಗೆ ಮುಗಿದ ಕೂಡಲೇ ಹೊರಡಬಹುದೇ?

ಇನ್ನೊಂದಿಷ್ಟು ಹೊತ್ತು ನಿಲ್ಲಿ. ರಥದಿಂದಿಳಿದ ಮಣ್ಣಿನ ಮೂರ್ತಿಯನ್ನು ಮಧ್ವ ಸರೋವರದಲ್ಲಿ ವಿಸರ್ಜಿಸುತ್ತಾರೆ; ಅಷ್ಟು ಹೊತ್ತು ಬೀದಿಯನ್ನು ನಡುಗಿಸಿದ ವಾದ್ಯಗಳು ಆಗ ಹೊರಗೆ ಉಳಿದು, ಜಾಗಟೆಯೊಂದೇ ಕೇಳಿಸುತ್ತದೆ. ಅದಾದ ಮೇಲೆ ಮಠದ ಸಭಾಂಗಣವಾದ ರಾಜಾಂಗಣದ ಕಡೆಗೆ ಹೋದರೆ ಸಾಮಾನ್ಯವಾಗಿ ಅಲ್ಲಿ ಹುಲಿವೇಷದ ತಂಡಗಳು ಒಂದರ ಮೇಲೊಂದು ವೇದಿಕೆಯೇರುತ್ತಿರುತ್ತವೆ. ಬೀದಿಯಲ್ಲಿ ಕಂಡದ್ದೇ ಆದರೂ ಇಲ್ಲಿ ತಂಡ ಒಂದೊಂದಾಗಿ ಬರುವುದರಿಂದ ತಾಸೆಯ ಕೈಕೆಲಸ ಸ್ಪಷ್ಟವಾಗಿ ಕೇಳಿಸುತ್ತದೆ. ಬೆಂಗಳೂರಿನ ಬಸ್ಸು ಕಾದಿರಿಸುವವರು ರಾತ್ರಿ ಒಂಬತ್ತೂವರೆಯ ನಂತರದ್ದನ್ನೇ ಆರಿಸಿಕೊಳ್ಳಿ, ಹತ್ತುವ ಜಾಗ ಪೇಟೆಯೊಳಗಿನದಾದರೆ ಅರ್ಧ ಗಂಟೆ ಮೊದಲೇ ಹೊರಡಿ. ನಿಮ್ಮ ಬಸ್ಸಿನಲ್ಲೇ ಕಿವಿಯ ಹಿಂದೆ ಹಳದಿ ಬಣ್ಣ ಉಳಿದ ಹುಡುಗನೊಬ್ಬ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿರುವುದು ಕಂಡರೆ, ಎಬ್ಬಿಸಿ ಮಾತಾಡಿಸಬೇಡಿ. ಅವನು ಎರಡು ದಿನದಿಂದ ಮಲಗಿರುವುದಿಲ್ಲ.